ಆಕಿ ಹಚ್ಚಿದ ಸೂಜಿ, ನಾ ಹಾಕಿದ ಗಂಟು

ಕೈಯಾಗ ಸೂಜಿ ದಾರ ಹಿಡಕೊಂಡು ಗಂಡಸು ಮನಿಯಿಂದ ಹೊರಗ ಬಿದ್ದ ಅಂದ್ರ, ಏನರ ಒಂದು ಆಗದ ಇರಂಗಿಲ್ಲ. ಬ್ಯಾರೇ ಮಂದಿಗೆ ಹ್ಯಾಂಗೋ ಏನೋ, ನನಗಂತೂ ಹೋದ ಊರಾಗೆಲ್ಲಾ ಆಗೇತಿ.

ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವ. ಮನಿ ಕೊಪ್ಪಳದಾಗ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಜೀವಮಾನ ಪೂರ್ತಿ ನಿಂತ ಪ್ರಯಾಣ ಮಾಡಿದೆ. ರಿಟೈರ್ ಆದ ಮ್ಯಾಲ ಮೊದಲನೇ ಸಲ ಮನ್ಯಾಗ ಕುಂತೆ. ನಾ ಕುಂತಿದ್ದು ನನ್ನ ಹೆಂಡತಿಗೆ ಸೇರಲಿಲ್ಲ.

"ಕಸಾ ಹೊಡಿಯೂ ಮುಂದ ಅಡ್ಡ, ಅಡಗಿ ಮಾಡೂ ಮುಂದ ಅಡ್ಡ. ಏನರ ಕೆಲಸ ಹುಡಿಕ್ಕೋರಿ," ಅಂದ್ಳು.

ಹುಡುಕೋದು ಬ್ಯಾಡಾತು. ಕೆಲಸ ತಾನ ಬಂದು ತಲಿ ಮ್ಯಾಲ ಬಿತ್ತು. ಅಟ್ಟದ ಮ್ಯಾಲಿನ ಟ್ರಂಕು ಇಳಸಾಕ ಹೋದೆ, ಅದರ ಕೊಂಡಿ ಕಿತ್ತು ಒಳಗಿದ್ದದ್ದೆಲ್ಲಾ ನನ್ನ ಮ್ಯಾಲ ಸುರೀತು. ಒಂದ ತೋಳಿನ ಸ್ವೆಟರ್, ಅರ್ಧ ಕೌದಿ, ತಳ ಇದ್ದು ಗ್ವಾಡಿ ಇಲ್ಲದ ವೈರಿನ ಬುಟ್ಟಿ, ಮಣಿ ತೋರಣ, ಕೂಸಿನ ಟೊಪಗಿ. ಎಲ್ಲಾ ಆಕಿ ಕೈಕೆಲಸ. ಎಲ್ಲಾ ಅರ್ಧಂಬರ್ಧ.

ಶುರು ಮಾಡೋದ್ರಾಗ ನನ್ನ ಹೆಂಡತೀನ ಮೀರಿಸೋರು ಈ ಜಿಲ್ಲಾದಾಗ ಇಲ್ಲ. ಯಾರದರ ಮನ್ಯಾಗ ಸಂತೋಷದ ಸುದ್ದಿ ಕೇಳಿದ್ರ ಸಾಕು, "ನಿಮಗ ನಾನ ಕೈಯಾರೆ ಮಾಡಿ ಕೊಡ್ತೀನಿ" ಅಂತ ಮಾತು ಕೊಟ್ಟು ಅವತ್ತ ಹೆಣ್ಯಾಕ ಕುಂಡ್ರತಿದ್ಳು. ಅದು ಅರ್ಧಕ್ಕ ಬರೋದ್ರಾಗ ಇನ್ನೊಬ್ಬರ ಮನ್ಯಾಗ ಸಂತೋಷ ಆಗತಿತ್ತು. ಮೊದಲಿಂದು ಟ್ರಂಕಿಗೆ ಹೋಗತಿತ್ತು.

"ಇವನ್ನೆಲ್ಲಾ ಮುಗಸೋರು ಯಾರು?" ಅಂದೆ.

"ಬಸ್ಸಿನ ಗದ್ಲದಾಗ ನೋಟು ಬೆರಳ ಸಂದ್ಯಾಗ ಹಿಡಕೊಂಡು ಟಿಕೆಟ್ ಹರದ ಕೈ ಅವು. ಅದಕ್ಕ ಸೂಜಿ ಏನು ಭಾರ?" ಅಂದ್ಳು.

ಬೈದು ಬೈದು ಕಲಿಸಿದ್ಳು. ಬೈಸಿಕೊಂಡು ಬೈಸಿಕೊಂಡು ನಾನೂ ಕಲಿತೆ. ಮುಗದಂಗ ಮುಗದಂಗ ಒಯ್ದು ಅವರವರ ಮನಿಗೆ ಮುಟ್ಟಿಸೋ ಕೆಲಸಾನೂ ನಂದ ಆತು.

ಗಂಗಾವತಿಗೊಂದು ಸ್ವೆಟರ್

ಸ್ವೆಟರ್ ಆಕಿ ತಮ್ಮಂದು. ಆತ ಗಂಗಾವತಿಯಾಗ ಅಕ್ಕಿ ಮಿಲ್ಲಿನ ಮ್ಯಾನೇಜರ್. ಗಂಗಾವತಿ ಬಿಸಲಾಗ ಸ್ವೆಟರ್ ಯಾಕ ಅಂತ ನೀವು ಕೇಳಬ್ಯಾಡ್ರಿ, ನಾ ಕೇಳಿ ಬೈಸಿಕೊಂಡೀನಿ. ಆಕಿ ಹೆಣ್ಯಾಕ ಹಿಡದಾಗ ತಮ್ಮ ಕಡ್ಡಿ ಕಡ್ಡಿ ಇದ್ದ. ನಾ ಮುಗಸೋ ಹೊತ್ತಿಗೆ ಮಿಲ್ಲಿನ ಅಕ್ಕಿಯೆಲ್ಲಾ ಅವನ ಹೊಟ್ಟ್ಯಾಗ ಇಳಿಸಿದಂಗ ಆಗಿದ್ದ. ಅದೂ ಅಲ್ಲದ ಆಕಿ ಕೈ ಬಿಗಿ, ನನ್ನ ಕೈ ಸಡ್ಲ. ಆಕಿ ಹೆಣದ ತೋಳು ಮೊಣಕೈಗೆ ನಿಂತ್ರ, ನಾ ಹೆಣದಿದ್ದು ಬೆರಳು ದಾಟಿ ಜೋತಾಡತಿತ್ತು.

ಮಿಲ್ಲಿಗೆ ಒಯ್ದು ಕೊಟ್ಟೆ. "ಅಕ್ಕನ ಕೈಕೆಲಸ ಐತಿ ಮಾಮಾ!" ಅಂತ ಕಣ್ಣಿಗೆ ಒತ್ತಿಕೊಂಡು ಅಲ್ಲೇ ಅಂಗಿ ಮ್ಯಾಲ ಹಾಕ್ಕೊಂಡ. ತಲಿ ಹೋತು, ಕೈ ಹೋದವು, ಹೊಟ್ಟಿ ಹತ್ರ ಬಂದು ಸ್ವೆಟರ್ ನಿಂತ ಬಿಡ್ತು. ಬಿಚ್ಚೂಣು ಅಂತ ಮ್ಯಾಲಕ್ಕ ಎತ್ತಿದ, ಮಾರಿಗೆ ಬಂದು ಸಿಗಬಿತ್ತು. ಈಗ ಎರಡೂ ಕೈ ಮ್ಯಾಲ, ಮಾರಿ ಒಳಗ, ಹೊಟ್ಟಿ ಹೊರಗ.

ಅಕ್ಕಿ ಚೀಲ ಹೊರೋ ಹಮಾಲರು ಇಬ್ರು ಓಡಿ ಬಂದ್ರು. ಒಬ್ಬ ಸೊಂಟ ಹಿಡದ, ಇನ್ನೊಬ್ಬ ತೋಳು ಹಿಡದ. "ಐಸಾ!" ಅಂತ ಜಗ್ಗಿದ್ರು. ಜಗ್ಗಿದಂಗ ನಾ ಹೆಣದ ತೋಳು ಮಾರುದ್ದ ಆತು, ಆತ ಮಾತ್ರ ಹೊರಗ ಬರಲಿಲ್ಲ.

ಅಷ್ಟರಾಗ ಹೆಂಡತಿ ಫೋನು ಬಂತು. "ನಮ್ಮ ತಮ್ಮ ಹಾಕ್ಕೊಂಡನೇನ್ರಿ?"

"ಹಾಕ್ಕೊಂಡಾನ."

"ಏನಂತಾನ?"

ಸ್ವೆಟರ್ ಒಳಗಿಂದ "ಉಂ! ಉಂ!" ಅಂತ ಸಪ್ಪಳ ಬರತಿತ್ತು. ಸುಳ್ಳು ಹೇಳಾಕ ನನಗ ಮನಸ್ಸು ಬರಲಿಲ್ಲ. "ಬಿಚ್ಚವಲ್ಲ," ಅಂದೆ.

ಆಕಿ ದನಿ ತುಂಬಿ ಬಂತು. "ನನಗ ಗೊತ್ತಿತ್ತು ಬಿಡ್ರಿ. ಸಣ್ಣವ ಇದ್ದಾಗಿಂದ ಆತ ಹಂಗ. ಅಕ್ಕ ಕೊಟ್ಟಿದ್ದನ್ನ ಮೈಮ್ಯಾಲಿಂದ ತಗಿಯಂಗಿಲ್ಲ!"

ಹಸರು ಬುಟ್ಟಿ

ಕಡೀಕ ಕತ್ರಿ ಹಾಕಿ ಬಿಡಿಸಿದ್ವಿ ಅನ್ನೋದು ಆಕಿಗೆ ಗೊತ್ತಿಲ್ಲ. ಹಿಂಗಾಗಿ ಭಾಳ ಖುಷಿಯಾಗಿ ವೈರಿನ ಬುಟ್ಟಿ ಕೈಯಾಗ ಕೊಟ್ಟು, "ಹಿಟ್ನಾಳ ಚಿಗವ್ವಂದು. ವೈರು ಮುಗಿಯೂ ತನಕಾ ಹೆಣೀರಿ," ಅಂತ ಹೇಳಿ ಆಜೂಬಾಜೂದವರ ಮನಿಗೆ ಹೋದ್ಳು. ಮುಗಿಯೂ ತನಕಾ ಹೆಣದೆ. ಎಷ್ಟು ವೈರಿತ್ತು ಅಂತ ನಾ ನೋಡಿದ್ದಿಲ್ಲ. ಮುಗದಾಗ ಬುಟ್ಟ್ಯಾಗ ಒಂದು ಕರಾ ಮಲಗಬಹುದಿತ್ತು.

ಬಸ್ಸಿನಾಗ ಎಲ್ಲೂ ಹಿಡೀಲಿಲ್ಲ, ಬಾಜೂ ಸೀಟಿನ ಮ್ಯಾಲ ಇಟ್ಟೆ. ಹೊಸಾ ಹುಡುಗ ಕಂಡಕ್ಟರ್ ಬಂದ. "ಹಿಟ್ನಾಳ ಒಂದು," ಅಂದೆ.

ಆತ ಬುಟ್ಟಿ ಕಡೆ ನೋಡಿದ. "ಇವರದ್ರಿ?"

"ಖಾಲಿ ಬುಟ್ಟಿ ಐತಿ ತಮ್ಮಾ, ನಾನೂ ಇದ ಕೆಲಸ ಮಾಡೀನಿ, ಖಾಲಿ ಬುಟ್ಟಿಗೆ ಟಿಕೆಟ್ ಇಲ್ಲ," ಅಂತ ನಾನು. "ಬುಟ್ಟಿ ಖಾಲಿ ಐತ್ರಿ ಕಾಕಾ, ಸೀಟು ಖಾಲಿ ಇಲ್ಲಲ್ಲ," ಅಂತ ಆತ. ಹಿಂಗ ನಮ್ಮಿಬ್ಬರದು ನಡದಾಗ ಕಣ್ಣು ಮಂಜಾದ ಮುದುಕಿ ಒಬ್ಬಾಕಿ ಹತ್ತಿದ್ಳು. ಕಂಬಿ ಹಿಡಕೊಂಡು ನಿಂತು ಒಂದೀಟು ಹೊತ್ತು ನೋಡಿದ್ಳು. ಆಮ್ಯಾಲ ಬಗ್ಗಿ, ಬುಟ್ಟಿ ಹಿಡಿಕಿ ಮುಟ್ಟಿ ಅಂದ್ಳು:

"ಹಸರು ಸೀರಿ ಯವ್ವಾ, ತುಸು ಸರದು ಕುಂಡ್ರವಾ. ಗಂಡನ ಬಾಜೂಕ ಕುಂತೀ ಅಂತ ಇಷ್ಟು ಅಗಲ ಕುಂಡ್ರತಾರೇನು?"

ಸುಸ್ವಾಗತ

ಕುಷ್ಟಗಿಯಾಗ ನನ್ನ ಹೆಂಡತಿ ಗೆಳತಿ ಒಬ್ಬಾಕಿ ಹೊಸಾ ಮನಿ ಕಟ್ಟಿಸಿದ್ಳು. ಬಾಗಲಿಗೆ ಕಟ್ಟಾಕ ಮಣಿ ತೋರಣ ಕೊಡ್ತೀನಿ ಅಂತ ಇವಳು ಮಾತು ಕೊಟ್ಟಿದ್ಳು. ಬಿಳಿ ಮಣಿ ನಡುವ ಕೆಂಪು ಮಣ್ಯಾಗ 'ಸುಸ್ವಾಗತ' ಅಂತ ಬರಬೇಕು. 'ಸುಸ್ವಾ' ತನಕ ಬಂದು ನಿಂತಿತ್ತು. ಅಷ್ಟರಾಗ ಆ ಹೊಸಾ ಮನಿ ಹಳೇದಾಗಿ, ಸುಣ್ಣ ಬಣ್ಣ ಮತ್ತೊಮ್ಮೆ ಆಗಿತ್ತು.

ನಾ 'ಗತ' ಮುಗಿಸಿದೆ. ಅಂದ ಹೆಚ್ಚಲಿ ಅಂತ ಅಂಚಿಗೆ ಮಿಂಚೋ ಕನ್ನಡಿ ಚೂರು ಅಂಟಿಸಿದೆ. ಅಂಟಿಸಿದ್ದು ಹಿಂದಿನ ಮಗ್ಗಲಿಗೆ ಅಂತ ಗೊತ್ತಾಗಲಿಲ್ಲ. ಗೆಳತಿ ಗಂಡ ಸ್ಟೂಲ್ ಮ್ಯಾಲ ನಿಂತು, ಕನ್ನಡಿ ಬೀದಿ ಕಡೆ ಕಾಣಲಿ ಅಂತ ಕಟ್ಟಿದ. ಹಿಂಗಾಗಿ ಹೊರಗ ನಿಂತವರಿಗೆ ಅಕ್ಷರ ತಿರುವುಮುರುವು. ಒಳಗ ನಿಂತವರಿಗೆ ಮಾತ್ರ ಚಂದಾಗಿ 'ಸುಸ್ವಾಗತ'.

ನೋಡಾಕ ಬಂದ ಓಣಿ ಹೆಣ್ಮಕ್ಕಳು ಓದಾಕ ನೋಡಿ ನೋಡಿ, "ತೆಲುಗು ಇರಬೇಕು," ಅಂದ್ರು. ಕಾಲುವಿ ಕಡಿಂದ ಬಂದ ತೆಲುಗಿನಾಕಿ ಒಬ್ಬಾಕಿ ಅಲ್ಲೇ ಇದ್ಳು. ಆಕಿ ಕುತಗಿ ಓರೆ ಮಾಡಿ ನೋಡಿ, "ನಮ್ಮದಲ್ಲವ್ವಾ, ತಮಿಳು ಇರಬೇಕು," ಅಂದ್ಳು. ನಾ ಚಾ ಕುಡದು ಬಸ್ ಹತ್ತಿ ಬಂದ ಬಿಟ್ಟೆ.

ಆಮ್ಯಾಲೊಂದಿನ ಗೆಳತಿ ಗಂಡ ಫೋನ್ ಮಾಡಿದ. "ಅಣ್ಣಾರ, ನಿಮ್ಮ ತೋರಣ ಭಾಳ ಕೆಲಸ ಮಾಡಾಕ ಹತ್ತೇತ್ರಿ."

"ಛಲೋ ಆತಲ್ಲ."

"ಏನು ಛಲೋ ತಗೀರಿ! ಬಂದ ಮಂದಿ ಹೋಗಾಕಂತ ಏಳತಾರ. ಬಾಗಲಿಗೆ ಹೋಗತಾರ. ಮ್ಯಾಲ ನೋಡ್ತಾರ. 'ಅಯ್ಯ, ಹೋಗೂ ಮುಂದನೂ ಇಷ್ಟು ಪ್ರೀತಿಲೆ ಕರೀತೀರಿ' ಅಂತ ತಿರುಗಿ ಬಂದು ಕುಂಡ್ರತಾರ. ಚಾ ಮಾಡಿ ಮಾಡಿ ಮನಿಯಾಕಿ ಸುಸ್ತಾಗ್ಯಾಳ."

"ಹಂಗಾರ ಸ್ಟೂಲ್ ಹಾಕ್ಕೊಂಡು ತಿರುವಿ ಕಟ್ರಿ."

ಆತ ದನಿ ಸಣ್ಣದು ಮಾಡಿದ. "ಸ್ಟೂಲ್ ಮ್ಯಾಲ ನಮ್ಮ ಬೀಗರು ಕುಂತಾರ್ರಿ. ಅವರು ಎದ್ರ ಕಟ್ಟತೀನಿ!"

ಹಿರೇರ ಕೌದಿ

ಯಲಬುರ್ಗಾದಾಗ ನಮ್ಮಕ್ಕನ ಮನಿ. ಅಕ್ಕನ ಮಗನ ಮದುವಿ ಗೊತ್ತಾದಾಗ, "ಹೊಸಾ ಜೋಡಿಗೆ ಕೌದಿ ನಂದು," ಅಂದಿದ್ಳು ನನ್ನ ಹೆಂಡತಿ. ಬರೇ ಕೌದಿ ಅಲ್ಲ, ಬಳಗದ ಹಿರೇರ ಆಶೀರ್ವಾದ ಇರೋ ಕೌದಿ. ಒಬ್ಬೊಬ್ಬರ ಮನಿಗೆ ಹೋಗಿ ಅವರು ಉಟ್ಟು ಬಿಟ್ಟ ಅರಬಿ ಬೇಡಿ ತಂದು ತುಂಡು ಮಾಡಿ ಇಟ್ಟಿದ್ಳು. ಮದುವಿ ಆತು, ಮದುವಿ ಫೋಟೋ ಬಣ್ಣ ಮಾಸಿತು, ಕೌದಿ ಅರ್ಧದಾಗ ಇತ್ತು. ಉಳದ ತುಂಡು ಕೂಡಿಸಿ ನಾ ಹೊಲದು ಮುಗಿಸಿದೆ. ಇಬ್ರೂ ಹೋಗಿ ಕೊಟ್ವಿ.

ಅಕ್ಕ ಪಡಸಾಲ್ಯಾಗ ಹಾಸಿದ್ಳು. ಮನಿ ಮಂದಿಯೆಲ್ಲಾ ಸುತ್ತ ಕೂಡಿದ್ರು.

"ಇದು ನಮ್ಮ ಅಪ್ಪನ ಧೋತರ!" ಅಂದ್ಳು ಅಕ್ಕ. "ಇದು ನಮ್ಮ ಅತ್ತಿ ಇಳಕಲ್ ಸೀರಿ! ಇದು ದೊಡ್ಡಪ್ಪನ ರುಮಾಲು!" ಎಲ್ಲಾರ ಕಣ್ಣಾಗ ನೀರು. ನನ್ನ ಹೆಂಡತಿ ನನ್ನ ಕಡೆ ನೋಡಿ, ನೋಡಿದಿರೇನು ಅನ್ನಂಗ ಹುಬ್ಬು ಹಾರಿಸಿದ್ಳು.

"ಮಲಗಿ ತೋರಸ್ರಿ," ಅಂತ ಅಕ್ಕ ತನ್ನ ಮಗಗ, ಸೊಸಿಗೆ ಹೇಳಿದ್ಳು. ಮಗ ಕಾಲು ಚಾಚಿದ್ದ ತಡ, "ಏ ಏ! ಅಜ್ಜನ ಧೋತರದ ಮ್ಯಾಲ ಕಾಲು!" ಅಂತ ಎಲ್ಲಾರೂ ಚೀರಿದ್ರು. ತಿರುಗಿ ಮಲಗಿದ. ಈಗ ಕಾಲು ಅಜ್ಜಿ ಇಳಕಲ್ ಸೀರಿ ಮ್ಯಾಲ. ಅಡ್ಡ ಮಲಗಿದ, ಕಾಲಾಗ ದೊಡ್ಡಪ್ಪನ ರುಮಾಲು. ಎತ್ತ ತಿರುಗಿದ್ರೂ ಒಬ್ಬರು ಹಿರೇರು.

"ಹಂಗಾರ ಕಾಲು ಮಡಚಿ ನಡುವ ಕುಂಡ್ರು," ಅಂದ ನಮ್ಮ ಮಾವ, ಅಂದ್ರ ಅಕ್ಕನ ಗಂಡ. ಮಗ ಕುಂಡ್ರಾಕ ಹೋದ. ಅಕ್ಕ ಅವನ ರಟ್ಟಿ ಹಿಡದು ಎಬ್ಬಿಸಿದ್ಳು. ನಟ್ಟನಡುವ ಕಾವಿ ತುಂಡು ಇತ್ತು, ಮಠದ ಅಜ್ಜಾರು ಹೊದಿಸಿದ ಶಾಲಿಂದು!

"ಹಾಸೋದು ಬ್ಯಾಡ ಬಿಡು. ಹೊದ್ದುಕೋರಿ," ಅಂದ್ಳು ನನ್ನ ಹೆಂಡತಿ, ಸೋಲದ.

ಸೊಸಿ ಮಾರಿ ಕೆಂಪಗಾತು. ಆಕಿ ನನ್ನ ಹೆಂಡತಿಯ ಕಿವ್ಯಾಗ ಏನೋ ಅಂದು ಒಳಗ ಓಡಿದ್ಳು. ನನ್ನ ಹೆಂಡತಿ ಹೊಟ್ಟಿ ಹಿಡಕೊಂಡು ನೆಲಕ್ಕ ಕುಂತ್ಳು. ಉಸಿರು ತಿರುಗಿದ ಮ್ಯಾಲ ಹೇಳಿದ್ಳು:

"'ಅತ್ತಿ, ಗಂಡಾ ಹೆಂಡತಿ ಮಲಗಿದಾಗ ಅಷ್ಟೂ ಹಿರೇರು ಬಂದು ಮ್ಯಾಲ ಮಲಗಿದಂಗ ಆಗತೈತಿ' ಅಂತಾಳ ನಿಮ್ಮ ಸೊಸಿ!"

ಈಗ ಆ ಕೌದಿ ದೇವರ ಜಗಲಿ ಮ್ಯಾಲೈತಿ. ಹಬ್ಬಕ್ಕೊಮ್ಮೆ ಊದಿನಕಡ್ಡಿ ಬೆಳಗತಾರ. ಆಶೀರ್ವಾದ ದೂರದಿಂದ ಬಂದ್ರನ ಛಲೋ ಅಂತ ಸೊಸಿ ಅಭಿಪ್ರಾಯ.

ಕನಕಗಿರಿ ಕುಂಚಿಗಿ

ಕುಂಚಿಗಿ ಅಂದ್ರ ಕೂಸಿನ ತಲಿಗೆ ಹಾಕಿ ಬೆನ್ನಿನ ತನಕ ಇಳಿಬಿಡೋ ಟೊಪಗಿ. ಇದು ನನ್ನ ಜೋಡಿ ದುಡದ ಡ್ರೈವರನ ಮೊಮ್ಮಗಳಿಗೆ ಅಂತ ಶುರುವಾಗಿದ್ದು. ನಾ ಜರಿ ಅಂಚು ಹಚ್ಚಿ ಮುಗಸೂದ್ರಾಗ ಆ ಮೊಮ್ಮಗಳು ಕಾಲೇಜಿಗೆ ಸ್ಕೂಟಿ ಹೊಡಕೊಂಡು ಹೋಗತಿದ್ಳು. ಆದ್ರೂ ಮಾತು ಮಾತ. ಸಂತಿ ದಿನ ಕನಕಗಿರಿಗೆ ಹೋದೆ.

ಡ್ರೈವರ್, ಆತನ ಹೆಂಡತಿ ಇಬ್ರೂ ಸಂತಿಗೆ ಹೋಗಿದ್ರು. ಮನ್ಯಾಗ ಹೋದ ಬ್ಯಾಸಗ್ಯಾಗ ಮದುವಿಯಾಗಿ ಬಂದ ಸಣ್ಣ ಸೊಸಿ ಒಬ್ಬಾಕಿ ಇದ್ಳು. ನೀರು ತಂದು ಕೊಟ್ಳು. ನಾ ಚೀಲದಿಂದ ಕುಂಚಿಗಿ ತಗದು ಆಕಿ ಕೈಯಾಗ ಇಟ್ಟೆ. "ಇಟ್ಕೋ ತಂಗಿ, ನಿನಗ ಉಪಯೋಗಕ್ಕ ಬರತೈತಿ."

ಆಕಿ ಕೈಯಾನ ತಂಬಿಗಿ ಠಣ್ ಅಂತ ಬಿತ್ತು. "ಕಾಕಾ... ನಿಮಗ ಯಾರು ಹೇಳಿದ್ರಿ?"

ನಾ ಟೊಪಗಿ ವಿಚಾರ ಅಂತ ತಿಳಕೊಂಡೆ. "ಹೇಳೋದೇನೈತಿ ಯವ್ವಾ. ಎಷ್ಟೋ ವರ್ಷದಿಂದ ಬಾಕಿ ಇತ್ತು, ಈಗ ಕೂಡಿ ಬಂತು."

ಆಕಿ ಕಣ್ಣು ದೊಡ್ಡವು ಮಾಡಿ ಕೈ ಮುಗದ್ಳು. "ನನಗ ಇವತ್ತ ಮುಂಜಾನಿ ಗೊತ್ತಾಗೇತ್ರಿ. ಇನ್ನಾ ಅವರಿಗೂ ಹೇಳಿಲ್ಲ!"

ನಾ ಬಾಯಿ ತಗಿಯೂದ್ರಾಗ ಅತ್ತಿ ಕಾಯಿಪಲ್ಯದ ಚೀಲ ಹೊತ್ಕೊಂಡು ಒಳಗ ಬಂದ್ಳು. ಸೊಸಿ ಕೈಯಾಗ ಕುಂಚಿಗಿ, ಕಣ್ಣಾಗ ನೀರು. ಕ್ಷಣದಾಗ ತಿಳೀತು. ಮೊದಲು ಸೊಸಿ ಗಲ್ಲ ಸವರಿ ಲಟಿಗಿ ಮುರದ್ಳು. ಆಮ್ಯಾಲ ನನ್ನ ಕಡೆ ತಿರುಗಿದ್ಳು.

"ಮನಿಯಾಗಿನ ಅತ್ತಿಗೆ ಗೊತ್ತಿಲ್ಲ, ಕೊಪ್ಪಳದ ಕಂಡಕ್ಟರ್‌ಗೆ ಗೊತ್ತು! ಏನ್ರಿ ಇದು?"

ಹಿಂದಿಂದ ಬಂದ ಡ್ರೈವರ್ ನನ್ನ ಗುರಾಯಿಸಿದ. ಅವನ ಹಿಂದ ಬಂದ ಮಗ ಅಪ್ಪಗಿಂತ ಜೋರಾಗಿ ಗುರಾಯಿಸಿದ. ಸೊಸಿ ಮಾರಿ ಬಾಡಿತು. "ನಾ ಯಾರಿಗೂ ಹೇಳಿಲ್ರಿ ಅತ್ತಿ, ಆಣಿ ಮಾಡ್ತೀನಿ," ಅಂತ ಅಳಾಕ ಶುರು ಮಾಡಿದ್ಳು. ಇಷ್ಟು ಛಲೋ ಸುದ್ದಿ ನನ್ನಿಂದ ಕೆಡತೈತಲ್ಲ ಅಂತ ಲಗೂನ ಕಿಸೇದಾಗಿನ ಫೋನ್ ತಗದೆ. ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರ್ ಮ್ಯಾಲ ಹಾಕಿದೆ.

ಡ್ರೈವರನ ಹೆಂಡತಿ ಎಲ್ಲಾ ಹೇಳಿ, "ನಿಮ್ಮವರಿಗೆ ಹ್ಯಾಂಗ ಗೊತ್ತಾತವಾ?" ಅಂತ ಕೇಳಿದ್ಳು.

"ಇವರಿಗೆ?" ಅಂತ ಫೋನಿನಾಗಿಂದ ಜೋರು ನಗು ಬಂತು. "ವೈನಿ, ನಮ್ಮ ಮಗಳು ಬಸರಾದಾಗ ಮಾಡಿದ ಕುಬಸದಾಗ ಇದ ಮನಷ್ಯಾ ಹೊಟ್ಟಿ ತುಂಬ ಹೋಳಿಗಿ ಉಂಡು, ಕೈ ತೊಳಕೊಂಡು ಬಂದು, 'ಇವತ್ತು ಯಾವ ಹಬ್ಬ?' ಅಂತ ನನ್ನ ಕೇಳಿದ್ರು. ಇವರಿಗೆ ಗೊತ್ತಾಗತೈತೇನು!"

ಮೊದಲು ಡ್ರೈವರ್ ನಕ್ಕ. ಆಮ್ಯಾಲ ಆತನ ಹೆಂಡತಿ, ಮಗ, ಕಡೀಕ ಕಣ್ಣೊರಸಿಕೊಂಡು ಸೊಸಿ. ನನ್ನ ಬಾಯಾಗ ಸಕ್ರಿ ಹಾಕಿ ಕಳಿಸಿದ್ರು. ನನ್ನ ಮಾನ ಹೋತು, ಮನಿ ಸಂತೋಷ ಉಳೀತು.

ಆದ್ರ ಸಂತ್ಯಾಗ ಹಬ್ಬಿದ ಸುದ್ದಿ ಬ್ಯಾರೆ. ಕೊಪ್ಪಳದ ಕಂಡಕ್ಟರ್ ಒಬ್ಬಾವ ಅದಾನ, ಆತ ಕುಂಚಿಗಿ ಕೊಟ್ಟ ಮನ್ಯಾಗ ತೊಟ್ಟಿಲು ಖಾತ್ರಿ ಅಂತ. ಮುಂದಿನ ಸಲ ಕನಕಗಿರಿಗೆ ಹೋದಾಗ ಬಸ್ಸಿನಿಂದ ಇಳದ ಕೂಡಲೇ ನವಲಿ ಕಡೆಯವರು ಒಂದು ಜೋಡಿ ಕೈ ಮುಗದು ನಿಂತಿದ್ರು. "ನಾ ಹೆಂಡತಿ ಹೇಳಿದ್ದು ಹೊಲಿಯೋ ಮನಷ್ಯಾ," ಅಂದ್ರ ಕೇಳವಲ್ರು. ಅವರಿಂದ ತಪ್ಪಿಸಿಕೊಂಡು, ಕಾಯಿಪಲ್ಯ ತರಾಕ ಒಯ್ದಿದ್ದ ಚೀಲ ಬಗಲಾಗ ಹಿಡಕೊಂಡು ಒಂದು ಸಣ್ಣ ಓಣಿ ಹೊಕ್ಕೆ. ಅಲ್ಲೊಬ್ಬ ಕಟ್ಟಿ ಮ್ಯಾಲ ಕುಂತಿದ್ದ. ತೊಡಿ ಮ್ಯಾಲ ಒಂದು ಕೂಸು, ಹೆಗಲ ಮ್ಯಾಲ ಒಂದು, ಧೋತರ ಹಿಡದು ಜಗ್ಗೂದು ಒಂದು, ಒಳಗ ಅಳೂ ಸಪ್ಪಳ ಇನ್ನೊಂದು. ನನ್ನ ನೋಡಿದ. ನನ್ನ ಬಗಲಾನ ಚೀಲ ನೋಡಿದ. ಎದ್ದು ಬಾಗಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ ಕೂಗಿದ:

"ಕಂಡಕ್ಟರ್ ಸಾಹೇಬ್ರ, ನಮ್ಮ ಗಾಡಿ ಫುಲ್ ಆಗೇತ್ರಿ! ಇಲ್ಲಿ ಸ್ಟಾಪ್ ಕೊಡಬ್ಯಾಡ್ರಿ! ರೈಟ್, ರೈಟ್!"