ಮೂವರು ಅಸದ್‌ಗಳು ಮತ್ತು ಒಬ್ಬ ನರಸಿಂಹಮೂರ್ತಿ

ಐವತ್ತು ದಾಟಿದ ಪ್ರತಿಯೊಬ್ಬ ಗಂಡಸಿನ ಮನಸ್ಸಿನಲ್ಲೂ ಒಂದು ಆಸೆ ಇರುತ್ತದೆ. ದೇವರ ಮುಂದೆ ನಿಂತಾಗಲೂ ಅವನು ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ. ತನ್ನ ಹೆಸರನ್ನು ಮೊಮ್ಮಗನಿಗೆ ಇಡಬೇಕು ಎಂಬುದೇ ಆ ಆಸೆ. ಬಾಯಿಬಿಟ್ಟು ಕೇಳಿದರೆ ಮರ್ಯಾದೆ ಹೋಗುತ್ತದೆ. ಕೇಳದೆ ಕುಳಿತರೆ ಸೊಸೆ ಯಾವುದೋ ವಾರಪತ್ರಿಕೆ ತಿರುವಿ ತನಗೆ ಬೇಕಾದ ಹೆಸರನ್ನು ಆರಿಸಿಬಿಡುತ್ತಾಳೆ. ಅಜ್ಜ ಬದುಕಿರುವಾಗಲೇ ಅವನ ಹೆಸರಿಡುವುದುಂಟೇ ಎಂದು ನೀವು ಕೇಳಬಹುದು. ನಮ್ಮ ಮನೆತನದಲ್ಲಿ ಉಂಟು. ನನ್ನ ಹೆಸರು ನರಸಿಂಹಮೂರ್ತಿ. ನನ್ನ ಅಜ್ಜನದೂ ಅದೇ, ಅವರ ಅಜ್ಜನದೂ ಅದೇ. ನಾನು ಹುಟ್ಟಿದಾಗ ಅಜ್ಜ ಗಟ್ಟಿಮುಟ್ಟಾಗಿದ್ದು, ನಾಮಕರಣದ ಊಟದಲ್ಲಿ ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದವರು ಅವರೇ ಅಂತೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ನಮ್ಮ ಮಗನ ಹೆಂಡತಿ ಆಗ ಬಸುರಿ. ನಾನು ಬೆಂಗಳೂರಿನ ಗಂಗಾನಗರದ ಮನೆಯಲ್ಲಿ ಏನೂ ಗೊತ್ತಿಲ್ಲದವನಂತೆ ಮುಖ ಮಾಡಿಕೊಂಡು ಕಾಯುತ್ತಿದ್ದೆ. ನೆಮ್ಮದಿಯಾಗಿ ಕಾಯಲು ಬಿಟ್ಟಿದ್ದರೆ ತಾನೆ!

ಏಳು ವರ್ಷ ಅರ್ಜಿ ಹಾಕಿ ಕಾದದ್ದಕ್ಕೆ ಅದೇ ವರ್ಷ ನಮ್ಮ ಮನೆಗೆ ಟೆಲಿಫೋನ್ ಬಂತು. ನನ್ನಾಕೆ ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದು, ಶುಕ್ರವಾರ ಕುಂಕುಮವನ್ನೂ ಇಟ್ಟಳು. ಇಡೀ ಬೀದಿಗೆ ಅದೊಂದೇ ಫೋನು. ಹಾಗಾಗಿ ಒಂದೇ ತಿಂಗಳಲ್ಲಿ ನಮ್ಮ ನಂಬರು ನಮ್ಮದಾಗಿ ಉಳಿಯಲಿಲ್ಲ. ಫೋನಿಲ್ಲದವರು ನೆರೆಮನೆಯ ನಂಬರನ್ನು ಊರಿಗೆಲ್ಲ ಹಂಚಿ, ಅದರ ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆದು ಕೈತೊಳೆದುಕೊಳ್ಳುವುದು ಆಗಿನ ರೂಢಿ. ಆ ಎರಡಕ್ಷರಕ್ಕೆ ಇಲಾಖೆಯವರು ಯಾವ ಅರ್ಥ ಕೊಟ್ಟಿದ್ದರೋ ಕಾಣೆ. ನನ್ನ ಪಾಲಿಗಂತೂ ಅದರ ಅರ್ಥ ಪಂಚೆ ಎತ್ತಿ ಕಟ್ಟಿಕೊಂಡು ಓಡು ಎಂದು. ಬಾಯಿಗೆ ತುತ್ತಿಟ್ಟ ಹೊತ್ತಿಗೇ ಅದು ಬಡಿದುಕೊಳ್ಳುತ್ತಿತ್ತು. ಒಮ್ಮೆ ಒಂದು ಮದುವೆಯ ಲಗ್ನಪತ್ರಿಕೆಯಲ್ಲಿ ನಮ್ಮ ನಂಬರು ಅಚ್ಚಾಗಿದ್ದನ್ನು ಕಂಡೆ. ಊಟಕ್ಕೆ ಮಾತ್ರ ನಮ್ಮನ್ನು ಕರೆದಿರಲಿಲ್ಲ!

ಕರೆತರಬೇಕಾದವನು ಇಂಥವನೇ ಎಂದು ಗೊತ್ತಾಗಿದ್ದರೆ ಅದನ್ನೂ ಸಹಿಸುತ್ತಿದ್ದೆ. ನಮ್ಮ ಹಿಂದಿನ ಸಾಲಿನಲ್ಲಿ ಒಂದು ದೊಡ್ಡ ಮುಸ್ಲಿಂ ಕುಟುಂಬವಿತ್ತು. ಮೂವರು ಅಣ್ಣತಮ್ಮಂದಿರು, ಮೂರು ಬಾಗಿಲು, ಎಲ್ಲರಿಗೂ ಸೇರಿ ಒಬ್ಬರೇ ಅಜ್ಜಿ. ತೀರಿಕೊಂಡ ಅಜ್ಜನ ಹೆಸರು ಅಸದ್. ಮೂವರೂ ತಮ್ಮ ತಮ್ಮ ಚೊಚ್ಚಲ ಗಂಡುಮಗುವಿಗೆ ಅದೇ ಹೆಸರಿಟ್ಟಿದ್ದರು. ಒಬ್ಬ ಅಸದ್ ಬಸ್ ಸ್ಟಾಪಿನ ಹತ್ತಿರ ಸ್ಕೂಟರ್ ಸೀಟು ಹೊಲಿಯುತ್ತಿದ್ದ, ಇನ್ನೊಬ್ಬ ಯಶವಂತಪುರದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ, ಮತ್ತೊಬ್ಬ ಬಿ.ಕಾಂ. ಓದುತ್ತಿದ್ದ. ಫೋನು ಎತ್ತಿದರೆ, “ಸಾರ್, ಸ್ವಲ್ಪ ಅಸದ್‌ನ ಕರೀತೀರಾ?” ಎಂಬ ಧ್ವನಿ.

“ಯಾವ ಅಸದ್ ಕಣ್ರೀ?”

“ಅದೇ ಸಾರ್, ನಿಮ್ಮ ಹಿಂದಿನ್ಮನೆ ಅಸದ್.”

“ಹಿಂದಿನ್ಮನೇಲಿ ಮೂರು ಜನ ಇದಾರೆ!”

“ಹೌದಾ ಸಾರ್? ನಮ್ಮ ಅಸದ್ ತುಂಬಾ ಒಳ್ಳೇವ್ನು.”

ಒಳ್ಳೆಯತನವನ್ನೇ ಗುರುತಾಗಿಟ್ಟುಕೊಂಡು ಬೀದಿಯಲ್ಲಿ ಯಾರನ್ನೆಂದು ಹುಡುಕುವುದು, ನೀವೇ ಹೇಳಿ. ನಾನು ಲೇತಿನವನನ್ನು ಕರೆತಂದರೆ ಅವರಿಗೆ ಬೇಕಾದವನು ಸೀಟಿನವನು. ಸೀಟಿನವನು ಬರುವಷ್ಟರಲ್ಲಿ ಲೈನು ಹೋಗಿರುತ್ತಿತ್ತು. ಕೊನೆಗೆ ಮೂವರನ್ನೂ ಒಟ್ಟಿಗೇ ಕರೆತರುವುದು ವಾಸಿ ಎನಿಸಿತು. ಅವರು ನಮ್ಮ ನಡುಮನೆಯಲ್ಲಿ ಸಾಲಾಗಿ ನಿಂತು ರಿಸೀವರನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನಾಕೆ ಮೂವರಿಗೂ ಕಾಫಿ ಕೊಡುತ್ತಿದ್ದಳು. ನನ್ನ ಫೋನು, ನನ್ನ ಕಾಲು, ನನ್ನ ಕಾಫಿಪುಡಿ!

ಒಂದು ದಿನ ತಡೆಯಲಾರದೆ ಸೀಟಿನ ಅಸದ್‌ನನ್ನು ಕೇಳಿಯೇಬಿಟ್ಟೆ. “ಅಲ್ಲಪ್ಪಾ, ಇಷ್ಟು ದೊಡ್ಡ ಪ್ರಪಂಚದಲ್ಲಿ ನಿಮಗೆ ಇನ್ನೊಂದು ಹೆಸರು ಸಿಗ್ಲಿಲ್ವೇ?” ಅವನಿಗೆ ಬೇಸರವಾಗಲಿಲ್ಲ. ಬದಲಿಗೆ ಖುಷಿಯಾಯಿತು. “ಸಾರ್, ಮೂರು ಜನಕ್ಕೇ ಇಷ್ಟು ಕಷ್ಟ ಅಂದ್ರೆ ಹೆಂಗೆ? ಅರಬ್ ದೇಶದಲ್ಲಿ ಒಂದು ಇಡೀ ಬುಡಕಟ್ಟಿಗೇ ಈ ಹೆಸರು. ಸೇನಾಪತಿಗಳು ಇದ್ರು, ಪಂಡಿತರಿದ್ರು, ಕವಿಗಳಿದ್ರು. ಎಲ್ರೂ ಅಸದ್‌ಗಳೇ. ಅಸದ್ ಅಂದ್ರೆ ಸಿಂಹ ಸಾರ್. ನಿಮ್ಮದೂ ಸಿಂಹಾನೇ ಅಲ್ವಾ?” ನನ್ನದರಲ್ಲಿ ಅರ್ಧ ಮಾತ್ರ ಸಿಂಹ, ಇನ್ನರ್ಧ ನರ, ಎಂದು ಹೇಳಿ ಒಳಗೆ ಬಂದೆ. ಆದರೆ ಆ ಬುಡಕಟ್ಟು ನನ್ನನ್ನು ಬಿಡಲಿಲ್ಲ. ಒಂದು ಇಡೀ ಬುಡಕಟ್ಟಿಗೆ ಒಂದೇ ಹೆಸರಿದ್ದರೆ, ಅವರ ನೆರೆಯಲ್ಲಿದ್ದ ಬಡಪಾಯಿ ಯಾರನ್ನು ಹೇಗೆ ಕರೆಯುತ್ತಿದ್ದ? ಅವನ ಗೋಳನ್ನು ಯಾವ ಚರಿತ್ರೆಕಾರ ಬರೆದಿದ್ದಾನೆ? ನಮ್ಮ ಆಫೀಸಿನಲ್ಲೇ ನಾಲ್ವರು ನರಸಿಂಹಮೂರ್ತಿಗಳಿದ್ದರು, ನಿಜ. ಐದನೆಯವನೊಬ್ಬ ದಾವಣಗೆರೆಯಲ್ಲಿ ಹುಟ್ಟಲಿ ಎಂದು ನಾನು ದಿನವೂ ಹಂಬಲಿಸುತ್ತಿದ್ದುದೂ ನಿಜ. ಅದು ಬೇರೆ ವಿಷಯ. ಪರರ ಮನೆಯಲ್ಲಿ ತಪ್ಪಾಗಿ ಕಾಣುವುದು ನಮ್ಮ ಮನೆಯಲ್ಲಿ ಸಂಪ್ರದಾಯವಾಗಿರುತ್ತದೆ.

ಕಡೆಗೆ ನಾನೇ ಒಂದು ವ್ಯವಸ್ಥೆ ಮಾಡಿದೆ. ಮೂವತ್ತು ವರ್ಷ ಫೈಲುಗಳನ್ನು ನೋಡಿಕೊಂಡವನು ನಾನು, ನನಗೆ ಇದೇನು ಮಹಾ? ಸೀಟಿನವನು ಅಸದ್ ಒಂದು, ಲೇತಿನವನು ಎರಡು, ಬಿ.ಕಾಂ. ಮೂರು. ರಟ್ಟಿನ ಮೇಲೆ ಬರೆದು ಫೋನಿನ ಮೇಲಿನ ಗೋಡೆಗೆ ತಗುಲಿಹಾಕಿದೆ. ನಿಮ್ಮ ನಿಮ್ಮ ಕಡೆಯವರಿಗೆ ನಂಬರು ತಿಳಿಸಿ ಎಂದು ಮೂವರಿಗೂ ಅಪ್ಪಣೆ ಮಾಡಿದೆ. ಫೋನು ಮಾಡಿದವರನ್ನೆಲ್ಲ, “ಒಂದಾ, ಎರಡಾ, ಮೂರಾ?” ಎಂದು ಗದರಿಸಿ ಕೇಳಿದೆ. ಹದಿನೈದು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಲೇತಿನ ಅಸದ್ ಮುಖ ಊದಿಸಿಕೊಂಡು ಬಂದ. “ಹನ್ನೊಂದು ದಿನ ಲೇಟಾಗಿ ಹುಟ್ಟಿದ್ದಕ್ಕೆ ನಾನು ಎರಡಾ ಸಾರ್? ಫ್ಯಾಕ್ಟ್ರೀಲಿ ಎಲ್ಲಾ ‘ಏನ್ ಗುರು, ನಂಬರ್ ಟೂ’ ಅಂತ ಆಡ್ಕೊಳ್ತಾರೆ,” ಎಂದ. ಇವರಿಗೆ ಉಪಕಾರ ಮಾಡಿದ ನನ್ನನ್ನೇ ಪ್ರಶ್ನಿಸುವುದೇ? ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟವಿಲ್ಲದಿದ್ದರೆ ನಿಮ್ಮದೇ ಫೋನು ಹಾಕಿಸಿಕೊಳ್ಳಿ ಎಂದುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಅವರ ಅಜ್ಜಿಯೇ ಬಂದರು. ಬಾಗಲೂರಿನಲ್ಲಿ ಹುಟ್ಟಿ ಬೆಳೆದವರು. ಅವರ ಕನ್ನಡದ ಮುಂದೆ ನನ್ನ ಆಫೀಸು ಕನ್ನಡ ಏನೂ ಅಲ್ಲ. ಕುರ್ಚಿ ಹಾಕಿದರೂ ಕೂರದೆ ಗೋಡೆಯ ರಟ್ಟಿನ ಮುಂದೆ ನಿಂತರು.

“ಏನ್ ಸಾಮಿ, ನಮ್ ಮನೆಯವ್ರ ಎಸ್ರಿಗೆ ನಂಬರ್ ಆಕ್ಬಿಟ್ರಂತೆ? ಅದೇನು ಬಸ್ಸಾ?”

“ಅಲ್ಲಮ್ಮಾ, ಮೂರು ಜನಕ್ಕೂ ಒಂದೇ ಹೆಸರಿಟ್ರೆ ನಾನಾದ್ರೂ ಏನ್ ಮಾಡ್ಲಿ? ಯಾರು ಕೊಟ್ರು ಈ ಬುದ್ಧೀನ?”

“ನಾನೇ ಕೊಟ್ಟಿದ್ದು,” ಎಂದರು ಅಜ್ಜಿ. “ನಮ್ ಯಜಮಾನ್ರು ಯಲಹಂಕ ಟೇಸನ್ನಾಗೆ ಜಟಕಾ ಒಡೀತಿದ್ರು. ಇಪ್ಪತ್ತೆರಡೊರ್ಸ ಬಾಳಾಟ ಮಾಡ್ದೆ. ಗಂಡನ್ ಎಸ್ರು ಏಳ್ಬಾರ್ದು ಅಂತ ನಮ್ಮತ್ತೆ ಏಳಿದ್ರು, ಒಂದ್ ದಪಾನೂ ಏಳ್ನಿಲ್ಲ. ಅವ್ರು ಓಗೋ ದಿನಾನೂ ‘ಏನೂಂದ್ರೆ, ಏನೂಂದ್ರೆ’ ಅಂತಾನೇ ಕೂಗ್ದೆ. ತಿರುಗಿ ನೋಡ್ನಿಲ್ಲ. ಎಸ್ರಿಡಿದು ಕೂಗಿದ್ರೆ ನೋಡ್ತಿದ್ರೇನೋ. ಅದ್ಕೇ ಮೂರು ಮನೇಗೂ ಅದೇ ಎಸ್ರಿಡ್ರಿ ಅಂದೆ. ಈಗ ಮೊಮ್ಮಕ್ಕಳನ್ನ ಕೂಗ್ದಂಗೆ ದಿನಾ ಬಾಯ್ತುಂಬ ಕೂಗ್ತೀನಿ. ಒಬ್ಬ ಮನೇಲಿಲ್ದಿದ್ರೆ ಇನ್ನೊಬ್ಬ ಓ ಅಂತಾನೆ.”

ನಾನು ರಟ್ಟನ್ನು ಕಿತ್ತು ಮಡಿಸಿ ಒಳಗಿಟ್ಟೆ. ಅಜ್ಜಿ ಹೋದ ಮೇಲೂ ನನ್ನ ಮನಸ್ಸು ಅಲ್ಲೇ ಇತ್ತು. ನನ್ನಾಕೆಯೂ ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ನನ್ನ ಹೆಸರನ್ನು ಒಮ್ಮೆಯೂ ಹೇಳಿದವಳಲ್ಲ. ‘ರೀ’ ಬಿಟ್ಟರೆ ಇನ್ನೊಂದು ಶಬ್ದವಿಲ್ಲ. ಪಾಪ, ಅವಳ ಎದೆಯಲ್ಲೂ ಎಷ್ಟು ಆಸೆ ಇದೆಯೋ! ಮೊಮ್ಮಗನಿಗೆ ನನ್ನ ಹೆಸರಿಟ್ಟರೆ ಅವಳೂ ಬಾಯ್ತುಂಬ ಕೂಗಬಹುದಲ್ಲವೇ? ನನ್ನ ಸ್ವಾರ್ಥ ಹೀಗೆ ಪರೋಪಕಾರವಾಗಿ ಬದಲಾದದ್ದನ್ನು ಕಂಡು ನನಗೇ ನನ್ನ ಮೇಲೆ ಗೌರವ ಬಂತು. ಆ ಒಂದು ವಾರ ಅಸದ್‌ಗಳನ್ನು ಸಿಟ್ಟಿಲ್ಲದೆ ಕರೆತಂದೆ.

ಗಂಡುಮಗು ಹುಟ್ಟಿತು. ಆ ಭಾನುವಾರ ದಾವಣಗೆರೆಯಿಂದ ಟ್ರಂಕ್ ಕಾಲ್ ಬಂತು. ನನ್ನಾಕೆಯೇ ಎತ್ತಿದಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕಿವಿಯನ್ನು ಮಾತ್ರ ಹೊರಗಿಟ್ಟುಕೊಂಡೆ. ಮಗ ಕೂಗುತ್ತಿದ್ದ ರಭಸಕ್ಕೆ ಫೋನಿಲ್ಲದಿದ್ದರೂ ಕೇಳಿಸುವಂತಿತ್ತು. “ಅಮ್ಮಾ, ಅಪ್ಪನ ಹೆಸರೇ ಇಡೋಣ ಅಂತ ಇದೀವಿ. ಇವಳೂ ಒಪ್ಪಿದಾಳೆ. ನೀನೇನಂತೀಯ?” ನನ್ನ ಕಣ್ಣಲ್ಲಿ ನೀರು ಬಂತು, ಅದನ್ನೇಕೆ ಮುಚ್ಚಿಡಲಿ?

ಅವಳು ಫೋನಿನ ಕ್ರೋಶಾ ಹೊದಿಕೆಯನ್ನು ಸರಿಮಾಡಿದಳು. “ಬೇಡ ಕಣೋ,” ಎಂದಳು ಆಮೇಲೆ. “ಆ ಹೆಸರು ಒಂದ್ಸಲ ನನ್ನ ಬಾಯಿಗೆ ಬಂದ್ರೆ, ಮೂವತ್ತೆರಡು ವರ್ಷದ್ದೆಲ್ಲಾ ಒಟ್ಟಿಗೇ ಬಂದ್ಬಿಡತ್ತೆ. ಪಾಪ, ಆ ಮಗು ಏನ್ ತಪ್ಪು ಮಾಡಿದೆ?”

ಅವರು ಫೋನಿನಲ್ಲೇ ಕಾರ್ತಿಕ್ ಎಂದು ತೀರ್ಮಾನಿಸಿಬಿಟ್ಟರು. ನಾನು ಪೇಪರನ್ನು ಎಸೆದು ಎದ್ದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಈ ಹೊತ್ತು ಇವಳನ್ನು ಹೆಸರು ಹಿಡಿದೇ ಕೂಗಿ, ನಾನೇನು ಮಹಾಪರಾಧ ಮಾಡಿದ್ದೇನೆ ಎಂದು ಕೇಳಿಯೇಬಿಡುವುದೆಂದು ಬಾಯಿ ತೆರೆದೆ. ತೆರೆದದ್ದಷ್ಟೇ. ಆ ಹೆಸರನ್ನು ನಾನು ಬರೆದದ್ದುಂಟು, ರೇಷನ್ ಕಾರ್ಡಿನಲ್ಲಿ ಓದಿದ್ದುಂಟು, ಒಮ್ಮೆಯಾದರೂ ಕೂಗಿರಲಿಲ್ಲ.

“ಏಯ್, ಇಲ್ನೋಡು,” ಎಂದೆ.

“ಏನ್ರೀ?” ಎಂದಳು.

“ಏನಿಲ್ಲ. ಕಾಫಿ ಆಯ್ತಾ ಅಂತ ಕೇಳ್ದೆ.”