ಎ.ಸಿ. ರೂಮಿನ ಕೊಲಂಬೈನ್

ಕೆಲವರು ಒಣಕಡ್ಡಿ ನೆಟ್ಟರೂ ಚಿಗುರುತ್ತದೆ. ಅದಕ್ಕೆ ಕೈಗುಣ ಬೇಕು ಎನ್ನುತ್ತಾರೆ. ನನ್ನ ಕೈಗುಣ ಎಂಥದ್ದೆಂದರೆ, ನಮ್ಮ ಹಿತ್ತಲಿನ ದೊಡ್ಡಪತ್ರೆ ಕೂಡ ನನ್ನನ್ನು ಕಂಡರೆ ಮುಖ ಸಣ್ಣಗೆ ಮಾಡುತ್ತದೆ. ಇಂಥವನ ಕೈಗೆ ಟಿ. ನರಸೀಪುರದ ಅಕ್ಕ ಎರಡು ಕುಂಡ ಕೊಲಂಬೈನ್ ಒಪ್ಪಿಸಿದಳು. ಭಾವ ಊಟಿಯಲ್ಲಿ ಕೆಲಸದಲ್ಲಿದ್ದಾಗ ಮನೆ ಮುಂದೆ ಬೆಳೆಸಿದ್ದ, ತಂಪಿನಲ್ಲೇ ಬದುಕುವ ಹೂವಿನ ಗಿಡ ಅದು. ಭಾವ ತೀರಿಕೊಂಡ ಮೇಲೆ ಅಕ್ಕ ಬೀರು, ಮಂಚ ಎಲ್ಲವನ್ನೂ ಯಾರಿಗೋ ಕೊಟ್ಟು, ಈ ಕುಂಡಗಳನ್ನು ಮಾತ್ರ ಜೋಪಾನವಾಗಿ ಹಿಡಿದುಕೊಂಡು ಘಟ್ಟ ಇಳಿದಿದ್ದಳು. ಅವಳ ಶೀಟಿನ ಮನೆಯಲ್ಲಿ ನೆರಳಿಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ಸೀಬೆ ಮರವಿದೆ.

“ನೀರ ಜಾಸ್ತಿ ಉಯ್ಯಬ್ಯಾಡ ಕಣೋ, ಬೇರು ಕೊಳ್ತೋಯ್ತದೆ. ಬಿಸ್ಲು ತಗುಲ್ದಂಗೆ ನೋಡ್ಕೊ. ಒಂದ್ ಹೂವ ಬಿಟ್ಟು ಬೀಜ ಕಟ್ಟುದ್ರೆ ಸಾಕು, ನಿಮ್ ಭಾವನ್ ಗಿಡ ಉಳ್ಕತದೆ,” ಎಂದಳು.

ಒಂದನ್ನು ಸೀಬೆ ಮರದ ಬುಡದಲ್ಲಿ ನೆಲಕ್ಕೆ ಇಳಿಸಿದೆ. ಎಲೆ ನೋಡಿ ಹಾಲಿನವನು, “ಕೊತ್ಮೀರಿನಾ ಸಾ?” ಎಂದ. ನನ್ನ ಹೆಂಡತಿಗೆ ಅದರ ಸೊರಗಿದ ರೂಪ ಕಂಡು ಕರುಳು ಚುರ್ ಎಂದು ದಿನಾ ಅಕ್ಕಿ ತೊಳೆದ ನೀರು ಹೊಯ್ದಳು. ಅವಳು ಕಾಣದಂತೆ ನಾನೂ ಒಂದು ಚೊಂಬು ಹೊಯ್ದೆ. ಗಂಡ ಹೆಂಡಿರ ಪ್ರೀತಿಯಲ್ಲಿ ಗಿಡ ಕೊಳೆತುಹೋಯಿತು. ಕುಂಡದಲ್ಲಿ ಉಳಿದದ್ದು ಇನ್ನೊಂದು. ಬೇಸಿಗೆ ಶುರುವಾದದ್ದೇ ಅದೂ ತಲೆ ಬಗ್ಗಿಸಿತು.

ಆಗ ನಾನು ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಅಲ್ಲಿ ಎ.ಸಿ. ಇದ್ದದ್ದು ಕಂಪ್ಯೂಟರ್ ರೂಮಿಗೆ ಮಾತ್ರ. ಆಗಿನ ಕಾಲದಲ್ಲಿ ಮ್ಯಾನೇಜರ್ ಕೂಡ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಕುಂಡವನ್ನು ಆ ತಂಪಿಗೆ ಹೊತ್ತುಕೊಂಡು ಹೋದೆ. “ಮಣ್ಣು ಗಿಣ್ಣು ಒಳಗೆ ಬೇಡ,” ಎಂದು ಮ್ಯಾನೇಜರ್ ತಡೆದಾಗ ನನ್ನ ಬಾಯಿಂದ ತಾನಾಗಿ ಬಂತು: “ದೇವರ ಹೂವಿನ ಗಿಡ ಸಾರ್.” ಅವರು ಕುಂಡಕ್ಕೆ ಇನ್ನೇನು ಕೈಮುಗಿಯುವುದೊಂದು ಬಾಕಿ. “ಹಾಗಾದರೆ ಕಿಟಕಿ ಪಕ್ಕ ಇಡಿ, ಬೆಳಕು ಬರುತ್ತೆ,” ಎಂದರು.

ನನ್ನ ಸಂಬಳಕ್ಕೆ ಸಿಗದ ತಂಪು ಗಿಡಕ್ಕೆ ಸಿಕ್ಕಿತು. ಆಯುಧಪೂಜೆ ಹತ್ತಿರವಾದಾಗ ಒಂದೇ ಒಂದು ಮೊಗ್ಗು ಅರಳಿತು. ನೇರಳೆ ಬಣ್ಣ, ಹಿಂದೆ ಪುಟ್ಟ ಬಾಲಗಳು, ನೆಲ ನೋಡುವ ಮುಖ. ಅಕ್ಕನ ಪಕ್ಕದ ಮನೆಗೆ ಫೋನ್ ಮಾಡಿದೆ. ಅಕ್ಕ ಬಣ್ಣ ಯಾವುದೆಂದು ಎರಡೆರಡು ಸಲ ಕೇಳಿದಳು. ಆಮೇಲೆ, “ಕಿತ್ತಗಿತ್ತೀಯ, ಬೀಜ ಕಟ್ಲಿ. ಹಬ್ಬ ಮುಗುಸ್ಕಂಡು ಬತ್ತೀನಿ,” ಎಂದಳು.

ಪೂಜೆಯ ದಿನ ಸ್ಟೋರ್ಸಿನ ತಕ್ಕಡಿಗೆ ಕುಂಕುಮ ಹಚ್ಚಿ ಕಂಪ್ಯೂಟರ್ ರೂಮಿಗೆ ಬಂದೆ. ಮಾನಿಟರಿನ ನೆತ್ತಿಯ ಮೇಲೆ, ವಿಭೂತಿ ಪಟ್ಟೆಯ ನಡುವೆ, ಭಾವನ ಹೂವು ಕೂತಿತ್ತು. ಅಟೆಂಡರ್ ಮಾದಪ್ಪ ಸ್ನಾನ ಮಾಡಿ, ಉಪವಾಸವಿದ್ದು, ಭಕ್ತಿಯಿಂದ ಕಿತ್ತಿದ್ದ.

“ಇದ್ಯಾಕೆ ಕಿತ್ತೆ ಮಾದಪ್ಪ?”

“ನೀವೇ ಯೋಳಿದ್ರಲ್ಲ ಸಾ, ದೇವ್ರ ಗಿಡ ಅಂತ! ಸೇವಂತಿಗೆ ಎಲ್ರೂ ಆಕ್ತಾರೆ. ಇದು ನಮ್ಮಲ್ಲೇ ಬುಟ್ಟ ಹೂವ, ಅದ್ಕೇ ಮೊದ್ಲು ಇದ್ನೇ ಮುಡುಸ್ದೆ.”

ಬೈಯಲು ನನಗೆ ಬಾಯಿ ಎಲ್ಲಿತ್ತು? ಮ್ಯಾನೇಜರ್ ಸಂತೋಷಪಟ್ಟು ಮೊದಲ ಕಡ್ಲೆಪುರಿ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟರು. ಹಬ್ಬದ ರಜೆಯಲ್ಲಿ ಎ.ಸಿ. ಆರಿಸಿ, ಕಿಟಕಿ ಭದ್ರಪಡಿಸಿ ಎಲ್ಲರೂ ಮನೆಗೆ ಹೋದೆವು. ಕುಂಡ ಒಳಗೇ ಇದ್ದದ್ದು ಯಾರಿಗೂ, ನನಗೂ, ನೆನಪಾಗಲಿಲ್ಲ. ಬಾಗಿಲು ತೆಗೆದಾಗ ಗಿಡ ಬೆಂದ ಸೊಪ್ಪಿನಂತೆ ಅಂಚಿಗೆ ಜೋತುಬಿದ್ದಿತ್ತು.

ಅಕ್ಕ ಬಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಒಣಗಿದ ದಂಟನ್ನು ಮೆಲ್ಲಗೆ ಕಿತ್ತಿಟ್ಟು, “ಕುಂಡ ಕೊಡು. ಮಣ್ಣಾರೂ ಊಟಿದು, ಅವ್ರು ಕೈಯಾಡ್ಸಿದ್ದು,” ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ತುಂಬಿತ್ತು. ಕಂಡಕ್ಟರ್, “ಏನಮ್ಮ, ಬರೀ ಮಣ್ಣಿನ ಕುಂಡ! ಕಾಲ್ಗೆ ಸಿಕ್ತದೆ, ಟಾಪ್ ಮೇಲಾಕ್ಸಿ,” ಎಂದು ರೇಗಿದ. ಅಕ್ಕ ಕುಂಡವನ್ನು ಅಪ್ಪಿ ಹಿಡಿದಳು. ಕೆಳಗೆ ನಿಂತಿದ್ದ ನಾನು ಕೂಗಿಬಿಟ್ಟೆ: “ದೇವರ ಹೂವಿನ ಗಿಡ ಕಣಪ್ಪ!”

ಅವನು ಥಟ್ಟನೆ ಮೆತ್ತಗಾದ. ಎರಡೂ ಕೈಯಲ್ಲಿ ಕುಂಡ ಎತ್ತಿ, ಡ್ರೈವರ್ ಪಕ್ಕ, ನಂಜುಂಡೇಶ್ವರನ ಪಟದ ಕೆಳಗೆ ಇಟ್ಟ. ಅದರಲ್ಲಿ ಗಿಡವೆಲ್ಲಿ ಎಂದು ಅವನು ಕೇಳಲಿಲ್ಲ. ಅಕ್ಕ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಬಸ್ಸು ಹೊರಟಿತು. ನನ್ನ ಕೈಯಲ್ಲಿ ಬಾಡದೆ ಉಳಿದದ್ದು ಆ ಸುಳ್ಳೊಂದೇ.