ವಾಚ್ ಮಾಮ ಕಾದ ಹೂಬಯಲು

ಎಲ್ಲಕ್ಕೂ ಮೂಲ ವಾಚ್ ಮಾಮನ ಹೆಂಡತಿಯ ಗಂಟಲು ಕಟ್ಟಿದ್ದು. ಹಿಂದಿನ ದಿನವೆಲ್ಲ ಬೀದಿ ಬೀದಿ ತಿರುಗಿ, ನಾಳೆ ಎಲ್ಲರೂ ಪಾರ್ಕಿಗೆ ಬನ್ನಿ ಎಂದು ಕೂಗಿ ಕೂಗಿ, ಬೆಳಗ್ಗೆ ಎದ್ದಾಗ ಅವಳ ಬಾಯಿಂದ ಹೊರಟದ್ದು ಪಂಕ್ಚರಾದ ಸೈಕಲ್ ಟ್ಯೂಬಿನ ಸದ್ದು ಮಾತ್ರ. ಜೊತೆಗೆ ಮೈ ಕೆಂಡದಂತೆ ಸುಡುತ್ತಿತ್ತು.

ಆ ಪಾರ್ಕು ಸಾಮಾನ್ಯದ್ದಲ್ಲ. ಒಂದು ಗೇಟಿನಿಂದ ಹೊಕ್ಕವರು ಇನ್ನೊಂದು ಗೇಟಿನಿಂದ ಹೊರಬರುವಷ್ಟರಲ್ಲಿ ಹೊಸ ಚಪ್ಪಲಿಯೂ ಹಳೆಯದಾಗುತ್ತಿತ್ತು. ನಗರಸಭೆಯ ನಾಲ್ಕಾರು ಮಾಲಿಗಳಿಂದ ಅದನ್ನು ನಿಭಾಯಿಸುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಅಕ್ಕಪಕ್ಕದ ಬಡಾವಣೆಗಳವರು ಸೇರಿ ‘ಉದ್ಯಾನ ಗೆಳೆಯರ ಸಂಘ’ ಕಟ್ಟಿಕೊಂಡಿದ್ದರು. ಅದರಲ್ಲಿ ಯಾರಿಗೂ ಲಾಭವಿಲ್ಲ, ಸಂಬಳವಿಲ್ಲ. ಕೊಳದ ಕಳೆ ತೆಗೆಯುವುದು, ಮುರಿದ ಬೆಂಚಿಗೆ ಹಲಗೆ ಬಡಿಯುವುದು, ಒಣಗಿದ ಕೊಂಬೆ ಕಡಿಯುವುದು, ಕೊನೆಗೆ ಬೆನ್ನು ಹಿಡಿದುಕೊಂಡು ಮನೆಗೆ ಹೋಗುವುದು. ವಾಚ್ ಮಾಮನ ಹೆಂಡತಿಗೆ ಈ ಸಂಘವೆಂದರೆ ಪ್ರಾಣ. ಕೊಳದ ಹಿಂದೆ ಕಟ್ಟಡದ ಕಲ್ಲುಮಣ್ಣು ಸುರಿದು ಹಾಳುಬಿದ್ದಿದ್ದ ಜಾಗವನ್ನು ಹೂವಿನ ಬಯಲು ಮಾಡಬೇಕೆಂದು ಅವಳು ಎಷ್ಟೋ ತಿಂಗಳಿಂದ ಒದ್ದಾಡಿದ್ದಳು. ಕಲ್ಲು ಹೊರಿಸಿದ್ದಳು, ಮಣ್ಣು ಹಾಕಿಸಿದ್ದಳು, ಅಗೆಸಿದ್ದಳು. ಅಲ್ಲಿ ಚಿಟ್ಟೆಗಳು ಬರುವುದನ್ನು ಕನಸಿನಲ್ಲಿ ಕಂಡು ನಿದ್ದೆಯಲ್ಲೇ ನಗುತ್ತಿದ್ದಳು.

ವಾಚ್ ಮಾಮ ಮಾತ್ರ ಒಂದು ದಿನವೂ ಆ ಕಡೆ ಹೋದವನಲ್ಲ. ಗಡಿಯಾರ ರಿಪೇರಿ ಅವನ ಕಸುಬು. ಬೀರುವಿನಷ್ಟೇ ಅಗಲದ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಎದುರಿಗೆ ಸಾಸಿವೆಗಿಂತ ಸಣ್ಣ ತಿರುಪುಗಳು. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುವಂಥ ವಸ್ತುಗಳ ನಡುವೆ ಬದುಕಿ ಬದುಕಿ, ಮಾತನ್ನೂ ಅವನು ಚಿಮಟದಲ್ಲಿ ಹಿಡಿದು ಇಡುವವನಂತೆ ಆಡುತ್ತಿದ್ದ. ಅವನು ದನಿ ಎತ್ತಿದ್ದನ್ನು ಕೇಳಿದವರಿಲ್ಲ.

ಅಂಥವನ ತೋಳು ಹಿಡಿದು ಹೆಂಡತಿ ಅಂದು ಬಚ್ಚಲಿನ ಬಾಗಿಲಲ್ಲಿ ಏನೋ ಉಸುರಿದಳು. ಒಳಗೆ ನಲ್ಲಿಯ ನೀರು ಬಕೆಟ್ಟಿಗೆ ದಬದಬ ಬೀಳುತ್ತಿತ್ತು. ಅವನ ಕಿವಿಗೆ ಬಿದ್ದದ್ದು ಇಷ್ಟು: “ರೀ, ಬೀಜ ಬಿತ್ತಿರ್ತಾರೆ... ನನ್ನ ಬದಲು ನೀವು ಹೋಗಿ... ಜನ ತುಳೀದ ಹಾಗೆ ನೋಡ್ಕೊಳ್ಳಿ... ಮಳೆ...”

ಹೆಂಡತಿ ತನ್ನನ್ನು ನಂಬಿ ಒಪ್ಪಿಸಿದ ಮೊದಲ ಪಾರ್ಕಿನ ಕೆಲಸ. ವಾಚ್ ಮಾಮನಿಗೆ ಎದೆಯಲ್ಲಿ ಹೊಸ ಸೆಲ್ ಹಾಕಿದಂತಾಯಿತು. ಸಂಘದ ಹಸಿರು ಅಂಗಿ ತೊಟ್ಟ. ಅದು ಹೆಂಡತಿಯ ಅಳತೆಯದಾದ್ದರಿಂದ ಹೊಟ್ಟೆಯ ಹತ್ತಿರ ಬಿಗಿದು ದಿಂಬಿನ ಗವಸಿನಂತೆ ಕಾಣುತ್ತಿತ್ತು. ಹಾಗೇ ಓಡಿದ.

ಬಯಲು ನುಣುಪಾಗಿ, ಮೆತ್ತಗೆ, ಆಗತಾನೆ ಬೇಯಿಸಿದ ಕೇಕಿನಂತೆ ಬಿದ್ದುಕೊಂಡಿತ್ತು. ಅದರ ಅಂಚಿನಲ್ಲಿ ನಿಂತು ಉಸಿರೆಳೆದುಕೊಳ್ಳುವಷ್ಟರಲ್ಲೇ ಪಕ್ಕದ ಮನೆಯ ವಿಮೆ ಏಜೆಂಟರು ಹೆಂಡತಿ, ಅತ್ತೆ, ಇಬ್ಬರು ನಾದಿನಿಯರ ಸಮೇತ ಬಂದರು. ಬಂದವರೇ ಪ್ಯಾಂಟು ಮಡಚತೊಡಗಿದರು.

ಏನು ಸಮಾಚಾರ ಎಂದು ವಾಚ್ ಮಾಮ ಕೇಳಿದ. ತುಳಿಯೋಕೆ ಬಂದಿದೀವಿ ಎಂದು ಏಜೆಂಟರು ಸಹಜವಾಗಿ ಹೇಳಿದರು.

ವಾಚ್ ಮಾಮ ದಂಗಾದ. ತಪ್ಪು ಮಾಡುವವರನ್ನು ಅವನು ನೋಡಿದ್ದ. ಮಾಡುವ ಮೊದಲು ಹೀಗೆ ಬಾಯಿಬಿಟ್ಟು ಹೇಳುವವರನ್ನು ನೋಡಿರಲಿಲ್ಲ. ಇಲ್ಲಿ ಕಾಲಿಡುವ ಹಾಗಿಲ್ಲ ಎಂದ. ನಿಮ್ಮ ಮನೆಯವರೇ ನಿನ್ನೆ ಬಂದು ಕರೆದರಲ್ಲ ಎಂದು ಏಜೆಂಟರು ವಾದಿಸಿದರು.

“ನೋಡಿ ಸಾರ್,” ಎಂದ ವಾಚ್ ಮಾಮ, “ನನ್ನ ಇಲ್ಲಿ ನಿಲ್ಲಿಸಿರೋದೂ ನನ್ನ ಮನೆಯವಳೇ. ಅವಳ ಮಾತು ನಿಮಗೆ ಜಾಸ್ತಿ ಅರ್ಥ ಆಗತ್ತೋ, ನನಗೋ?”

ಏಜೆಂಟರು ಮಡಚಿದ ಪ್ಯಾಂಟು ಇಳಿಸಿಕೊಂಡು ಅತ್ತೆಯನ್ನು ನಡೆಸಿಕೊಂಡು ಬೆಂಚಿನ ಕಡೆ ಹೋದರು.

ಆಮೇಲೆ ಶುರುವಾಯಿತು ನೋಡಿ. ಎಡಗಡೆಯಿಂದ ಒಂದು ಗುಂಪು, ಬಲಗಡೆಯಿಂದ ಇನ್ನೊಂದು. ಬ್ಯಾಂಕಿನವರು, ದರ್ಜಿಗಳು, ನಗೆಕೂಟದ ಅಜ್ಜಂದಿರು. ಊರಿಗೆ ಊರೇ ಆ ಮೆತ್ತನೆ ಮಣ್ಣನ್ನೇ ತುಳಿಯಬೇಕೆಂದು ಹಟ ತೊಟ್ಟಂತಿತ್ತು. ವಾಚ್ ಮಾಮ ಲೋಲಕದಂತೆ ಆ ತುದಿಗೂ ಈ ತುದಿಗೂ ಓಡಿದ. ಮೊದಲು ಬೇಡಿದ, ಆಮೇಲೆ ಗದರಿದ, ಕೊನೆಗೆ ಕೂಗಿದ. ತನ್ನೊಳಗೆ ಇಷ್ಟು ದೊಡ್ಡ ದನಿ ಇತ್ತೆಂದು ತಿಳಿದು ಅವನಿಗೇ ಆಶ್ಚರ್ಯವಾಯಿತು, ಒಂಥರಾ ಖುಷಿಯೂ ಆಯಿತು. ಹನ್ನೆರಡು ಹೊಡೆಯುವ ಹೊತ್ತಿಗೆ ಜನರ ಬಾಯಲ್ಲಿ ವಾಚ್ ಮಾಮ ವಾಚ್‌ಮನ್ ಆಗಿಹೋಗಿದ್ದ.

ಅವನ ಅಬ್ಬರ ನೋಡಿ ಮೆಚ್ಚಿದವರು ಒಬ್ಬರೇ, ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟ ಮೇಲೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ. ಊದಲು ಕಾರಣ ಸಿಗದೆ ಕೊರಗುತ್ತಿದ್ದ ಅವರು ತಾವಾಗಿಯೇ ಬಂದು ಸಹಾಯಕ್ಕೆ ನಿಂತರು. ಎಲ್ಲಿಂದಲೋ ಹಗ್ಗ ತಂದು ಬಯಲಿನ ಸುತ್ತ ಕಟ್ಟಿದರು. ಹಗ್ಗದ ಹತ್ತಿರ ಯಾರ ನೆರಳು ಬಿದ್ದರೂ ಸೀಟಿ ಊದಿದರು. ಒಂದು ಬಾತುಕೋಳಿ ಕೊಳದಿಂದೆದ್ದು ಇತ್ತ ಹೆಜ್ಜೆ ಹಾಕಿದ್ದು, ಅವರ ಸೀಟಿಗೆ ಬೆದರಿ ವಾಪಸು ನೀರಿಗೆ ಬಿತ್ತು.

ಮಧ್ಯಾಹ್ನ ಇಳಿಯುವಾಗ ಸಂಘದ ಅಧ್ಯಕ್ಷೆ ಬಂದರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಬೆಳಗಿನಿಂದ ಪಾರ್ಕಿನ ಇನ್ನೊಂದು ಕೊನೆಯಲ್ಲಿ ಕಾಲುವೆಯ ಹೂಳು ತೆಗೆಸುತ್ತಿದ್ದು, ಮಂಡಿಯವರೆಗೂ ಕೆಸರಾಗಿದ್ದರು. ಬಯಲನ್ನೂ, ಹಗ್ಗವನ್ನೂ ನೋಡಿ, ಹಲ್ಲಿಲ್ಲದ ಬಾಯಲ್ಲಿ ಹುಳುಕು ಹುಡುಕುವವರಂತೆ ಹುಬ್ಬು ಗಂಟಿಕ್ಕಿದರು.

ವಾಚ್ ಮಾಮ ಎದೆಯುಬ್ಬಿಸಿ ಹೇಳಿದ: “ಒಂದೇ ಒಂದು ಹೆಜ್ಜೆ ಬಿದ್ದಿಲ್ಲ ಮೇಡಂ. ಬಾತುಕೋಳೀನೂ ಬಿಟ್ಟಿಲ್ಲ.”

“ಯಾಕೆ ಬಿಟ್ಟಿಲ್ಲ?” ಎಂದರು ಅಧ್ಯಕ್ಷೆ. “ಇವತ್ತು ತುಳಿಸೋದೇ ಅಲ್ವಾ ಕಾರ್ಯಕ್ರಮ?”

ಹೂವಿನ ಬೀಜ ಮರಳಿಗಿಂತ ಸಣ್ಣದು, ಅದರ ಮೇಲೆ ಮಣ್ಣು ಮುಚ್ಚಿದರೆ ಮೊಳಕೆ ಬರುವುದಿಲ್ಲ, ಹಾಗೇ ಬಿಟ್ಟರೆ ಮಳೆಗೆ ಕೊಚ್ಚಿಹೋಗುತ್ತದೆ, ಆದ್ದರಿಂದ ಬಿತ್ತಿದ ದಿನವೇ ನೂರಾರು ಜನ ಕಾಲಿನಿಂದ ಒತ್ತಬೇಕು ಎಂದು ಅವರು ವಿವರಿಸಿದರು. ಮಾಲಿ ನಸುಕಿನಲ್ಲೇ ಬಿತ್ತಿ ಹೋಗಿರುತ್ತಾನೆ, ಜನರನ್ನು ಕರೆಯಲೆಂದೇ ನಿಮ್ಮ ಮನೆಯವರು ಗಂಟಲು ಹರಿದುಕೊಂಡದ್ದು, ಜನ ತುಳಿಯೋ ಹಾಗೆ ನೋಡ್ಕೊಳ್ಳಿ ಅಂತ ನಿಮಗೆ ಹೇಳಲಿಲ್ಲವೇ ಎಂದೂ ಕೇಳಿದರು.

ತುಳಿಯೋ ಹಾಗೆ. ತುಳೀದ ಹಾಗೆ. ವಾಚ್ ಮಾಮನ ತಲೆಯಲ್ಲಿ ದೊಡ್ಡ ಮುಳ್ಳೂ ಚಿಕ್ಕ ಮುಳ್ಳೂ ಒಂದಕ್ಕೊಂದು ಸಿಕ್ಕಿಕೊಂಡು ಗಡಿಯಾರ ನಿಂತುಹೋಯಿತು.

ಪಶ್ಚಿಮದಲ್ಲಿ ಮೋಡ ಕಪ್ಪಗೆ ಏರುತ್ತಿತ್ತು. ಮಳೆ ಬರುವುದರೊಳಗೆ ಮುಗಿಸಿ ಎಂದು ಹೇಳಿ ಅಧ್ಯಕ್ಷೆ ಕಾಲುವೆಯ ಕಡೆಗೆ ಓಡಿದರು.

ವಾಚ್ ಮಾಮ, ಬೆಳಗಿನಿಂದ ತಾನು ಅಟ್ಟಿದವರೆಲ್ಲ ಕೂತಿದ್ದ ಬೆಂಚುಗಳ ಕಡೆಗೆ ಓಡಿದ. ದಯವಿಟ್ಟು ಬಂದು ತುಳಿಯಿರಿ ಎಂದು ಕೈಮುಗಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಗ್ಗೆ ಬೈದದ್ದು ಸಾಲದೆ ಈಗ ದಂಡ ಹಾಕಿಸುವ ಹುನ್ನಾರ ಇರಬೇಕೆಂದು ವಿಮೆ ಏಜೆಂಟರು ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಅಪಾಯದ ವಿಷಯದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಯಾರೂ ಅಲ್ಲಾಡಲಿಲ್ಲ. ಅವರ ಅತ್ತೆಯಂತೂ ಕಾಲುಗಳನ್ನು ಬೆಂಚಿನ ಮೇಲಕ್ಕೇ ಎಳೆದುಕೊಂಡರು.

ಸರಿ, ತಾನೇ ತೋರಿಸುತ್ತೇನೆಂದು ವಾಚ್ ಮಾಮ ಹಗ್ಗ ದಾಟಲು ಒಂದು ಕಾಲೆತ್ತಿದ. ಕಿವಿಯ ಪಕ್ಕದಲ್ಲೇ ಸೀಟಿ ಸಿಡಿಯಿತು.

“ಕಾಲು ಕೆಳಗಿಳಿಸಿ,” ಎಂದರು ಡ್ರಿಲ್ ಮೇಷ್ಟ್ರು.

ವಾಚ್ ಮಾಮ ಎಲ್ಲ ಬಿಡಿಸಿ ಹೇಳಿದ. ಮೇಷ್ಟ್ರು ಕೇಳಿಸಿಕೊಂಡರು, ತಲೆಯಲ್ಲಾಡಿಸಿದರು, ಆದರೆ ಜಗ್ಗಲಿಲ್ಲ. ಬೆಳಗ್ಗೆ ಕೊಟ್ಟ ಆಜ್ಞೆಯನ್ನು ಮಧ್ಯಾಹ್ನ ಬದಲಾಯಿಸುವವನ ಮಾತು ಕೇಳಿದರೆ ಶಿಸ್ತು ಎಲ್ಲಿ ಉಳಿಯಿತು ಎಂದರು. ಇಂಥ ಪುಸಲಾವಣೆಗಳನ್ನು ತಾವು ಸರ್ವಿಸ್ಸಿನಲ್ಲಿ ಬೇಕಾದಷ್ಟು ಕಂಡಿರುವುದಾಗಿಯೂ ತಿಳಿಸಿದರು. ವಾಚ್ ಮಾಮ ಎಡಕ್ಕೆ ನುಗ್ಗಿದರೆ ಮೇಷ್ಟ್ರೂ ಎಡಕ್ಕೆ, ಬಲಕ್ಕೆ ನುಗ್ಗಿದರೆ ಬಲಕ್ಕೆ. ತಾನೇ ಕೀಲಿ ಕೊಟ್ಟ ಯಂತ್ರ ಈಗ ತನ್ನನ್ನೇ ಅಟ್ಟುತ್ತಿತ್ತು.

ಗುಡುಗಿತು. ಹೆಂಡತಿಯ ಚಿಟ್ಟೆಗಳೆಲ್ಲ ಕೊಳದ ಪಾಲಾಗುವುದು ವಾಚ್ ಮಾಮನ ಕಣ್ಣಿಗೆ ಕಟ್ಟಿತು. ಅಳುವೇ ಬರುವಂತಾಯಿತು. ಆಗಲೇ ಅವನಿಗೆ ಹೊಳೆದದ್ದು: ಕೀಲಿ ಕೊಟ್ಟ ಯಂತ್ರವನ್ನು ತಡೆಯಬಾರದು, ದಿಕ್ಕು ತಿರುಗಿಸಬೇಕು.

ಅವನು ನಿಟ್ಟುಸಿರುಬಿಟ್ಟು, ಈಗಿನ ಜನಕ್ಕೆ ಕವಾಯತು ಅಂದರೇನೆಂದೇ ಗೊತ್ತಿಲ್ಲ ಮೇಷ್ಟ್ರೇ ಎಂದು ಮಾತು ತೆಗೆದ. ಅಲ್ಲಿ ಕೂತಿರೋ ಇಷ್ಟೊಂದು ಜನರನ್ನ ಸಾಲಾಗಿ ನಡೆಸೋದು ಯಾರ ಕೈಯಲ್ಲೂ ಆಗೋ ಮಾತಲ್ಲ ಬಿಡಿ ಎಂದ. ಮೇಷ್ಟ್ರ ಮೀಸೆ ಅದುರಿತು. ಅಷ್ಟು ಜಾಗವಾದರೂ ಎಲ್ಲಿದೆ, ಈ ಬಯಲೊಂದು ಬಿಟ್ಟರೆ ಎಂದು ವಾಚ್ ಮಾಮ ಸೇರಿಸಿದ.

ಹಗ್ಗ ಯಾವಾಗ ಬಿಚ್ಚಿತೋ ಯಾರಿಗೂ ಗೊತ್ತಾಗಲಿಲ್ಲ. ಸೀಟಿಯ ಸದ್ದಿಗೆ ಬೆಂಚಿನ ಮೇಲಿದ್ದವರು ಸಟ್ಟನೆ ಎದ್ದುನಿಂತರು. ಅವರಲ್ಲಿ ಅರ್ಧ ಜನ ಅದೇ ಸೀಟಿಯ ಕೆಳಗೆ ಬೆಳೆದವರು. ತಲೆ ಬೇಡವೆಂದರೂ ಅವರ ಕಾಲು ಹೂಂಗುಟ್ಟಿತು. ಎಡ, ಬಲ, ಎಡ, ಬಲ. ಬ್ಯಾಂಕಿನವರು ಬಂದರು, ದರ್ಜಿಗಳು ಬಂದರು, ಅಜ್ಜಂದಿರು ಕೋಲು ಭುಜಕ್ಕಿಟ್ಟುಕೊಂಡು ಬಂದರು. ಏಜೆಂಟರ ಅತ್ತೆ ಸಾಲಿನ ಮುಂದೆ ನಿಂತು ಅಳಿಯನಿಗೆ ಕೈ ಸರಿಯಾಗಿ ಬೀಸಲು ಹೇಳಿಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದವರೂ ನುಗ್ಗಿದರು. ಯಾರೋ ಹಾಡು ಎತ್ತಿದರು, ಯಾರೋ ಕುಣಿದರು. ನಡುವೆ ವಾಚ್ ಮಾಮ, ಬಿಗಿದ ಹಸಿರು ಅಂಗಿಯ ಹೊಲಿಗೆ ಬಿಟ್ಟದ್ದೂ ತಿಳಿಯದೆ, ಧಪಧಪ ಹಾರುತ್ತಿದ್ದ.

ಮನೆಯಲ್ಲಿ ಮಲಗಲಾರದೆ ಮಫ್ಲರ್ ಸುತ್ತಿಕೊಂಡು ಬಂದ ಹೆಂಡತಿ ಇದನ್ನು ನೋಡಿದಳು. ಮಾತಂತೂ ಬರದು. ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕಣ್ಣು ತುಂಬಿತ್ತು. ಅಧ್ಯಕ್ಷೆಯೂ ಓಡಿಬಂದು, ಸಂಘ ಹುಟ್ಟಿದಾಗಿನಿಂದ ಇಷ್ಟು ಜನ ಒಟ್ಟಿಗೆ ಸೇರಿದ್ದಿಲ್ಲ ಎಂದರು. ಬಯಲು ಸಿಮೆಂಟು ಬಳಿದ ಅಂಗಳದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ವಾಚ್ ಮಾಮನನ್ನು ಆ ಗಳಿಗೆಯಲ್ಲಿ ಯಾರಾದರೂ ಕೇಳಿದ್ದರೆ, ತಾನು ಹುಟ್ಟಿದ್ದೇ ಇದಕ್ಕೆ ಎನ್ನುತ್ತಿದ್ದ.

ಆಗ ಗೇಟಿನ ಕಡೆಯಿಂದ ಕಿರಗುಟ್ಟುತ್ತ ಒಂದು ತಳ್ಳುಗಾಡಿ ಬಂತು. ತಳ್ಳುತ್ತಿದ್ದವನು ಮಾಲಿ. ಬೆವರಿ ತೊಪ್ಪೆಯಾಗಿದ್ದ. ನರ್ಸರಿಯಿಂದ ಬರುವಾಗ ನಸುಕಿನಲ್ಲೇ ಗಾಡಿಯ ಚಕ್ರ ಕಳಚಿತೆಂದೂ, ಅದನ್ನು ಸರಿಮಾಡಿಸುವಷ್ಟರಲ್ಲಿ ಹಗಲೆಲ್ಲ ಹೋಯಿತೆಂದೂ ಹೇಳಿದ. ಗಾಡಿಯ ಮೇಲೆ ಹೊಲಿಗೆ ಬಿಚ್ಚದ ಎರಡು ಚೀಲಗಳಿದ್ದವು.

“ಅದೇನದು?” ಎಂದು ಅಧ್ಯಕ್ಷೆ ಮೆಲ್ಲಗೆ ಕೇಳಿದರು.

“ಬೀಜ ಮೇಡಂ,” ಎಂದ ಮಾಲಿ. ಆಮೇಲೆ ಬಯಲಿನ ಕಡೆ ತಿರುಗಿ, ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ನೋಡಿದ. ಟಣ್ಣೆಂದಿತು. “ನಿನ್ನೆ ಹತ್ತಿ ಥರ ಅಗೆದಿಟ್ಟು ಹೋಗಿದ್ನಲ್ಲ. ಯಾರು ಇದನ್ನ ಹೀಗ್ ಮಾಡಿದ್ದು?”

ಸೀಟಿ ನಿಂತಿತು. ಹಾಡು ನಿಂತಿತು. ಮತ್ತೆ ಪೂರ್ತಿ ಅಗೆಯದೆ ಇದರಲ್ಲಿ ಒಂದು ಕಾಳೂ ಹುಟ್ಟುವುದಿಲ್ಲವೆಂದು ಮಾಲಿ ಖಂಡಿತವಾಗಿ ಹೇಳಿದ. ಅಗೆಯುವ ಮಾತು ಕಿವಿಗೆ ಬಿದ್ದದ್ದೇ ತಡ, ಜನರಿಗೆಲ್ಲ ಒಟ್ಟಿಗೆ ಮನೆಯ ನೆನಪಾಯಿತು. ಮೇಷ್ಟ್ರಿಗೆ ಮಂಡಿ ನೋವು ಬಂತು. ಏಜೆಂಟರು ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು. ಮೋಡವೂ ಗುಡುಗಿದ್ದಷ್ಟೇ, ಬೇರೆ ಬಡಾವಣೆಯ ಕಡೆ ಸರಿದುಹೋಯಿತು.

ಅಧ್ಯಕ್ಷೆ ವಾಚ್ ಮಾಮನ ಕೈಗೆ ಒಂದು ಗುದ್ದಲಿ ಕೊಟ್ಟು, ಹೆಂಡತಿಯ ಕಡೆಗೆ ಇನ್ನೊಂದು ಚಾಚಿದರು. ಅವಳು ಮಫ್ಲರನ್ನು ಬಿಗಿ ಮಾಡಿಕೊಂಡು ಕೆಮ್ಮಿದಳು. ಎರಡನೆಯ ಗುದ್ದಲಿಯೂ ಅವನ ಪಾಲಿಗೇ ಬಂತು.

ಸೂಕ್ಷ್ಮದ ಕೆಲಸ ಮಾಡುವ ಆ ಬೆರಳುಗಳು ಗುದ್ದಲಿಯನ್ನು ಎತ್ತಿ ಹಾಕಿದವು. ಒಂದು ಹೆಂಟೆ ಎದ್ದಿತು. ಇನ್ನೊಂದು ಎದ್ದಿತು. ಒಂದು ಮೂಲೆ ಸಡಿಲವಾಗುವ ಹೊತ್ತಿಗೆ ಬೆನ್ನು ಬಿಲ್ಲಿನಂತೆ ಬಾಗಿಹೋಗಿತ್ತು.

ಬೆವರೊರೆಸಿಕೊಳ್ಳಲು ತಲೆಯೆತ್ತಿದಾಗ, ಸುದ್ದಿ ಕೇಳಿ ದೂರದ ಬಡಾವಣೆಯಿಂದ ಬಂದ ದೊಡ್ಡ ಸಂಸಾರವೊಂದು, ಅಜ್ಜಿ ಮೊದಲ್ಗೊಂಡು ಎಲ್ಲರೂ ಬರಿಗಾಲು ಮಾಡಿಕೊಂಡು, ಅವನು ಆಗತಾನೆ ಅಗೆದ ಮೂಲೆಯಲ್ಲೇ ಸಾಲಾಗಿ ನಿಂತಿತ್ತು. ಎಡಗಾಲಿನಿಂದ ಶುರು ಮಾಡಬೇಕೋ ಬಲಗಾಲಿನಿಂದಲೋ ಎಂದು ಅಜ್ಜಿ ವಿನಯವಾಗಿ ಕೇಳುತ್ತಿದ್ದರು.